ಬೆನ್ನಿಗೆ ಹತ್ತದ ಮಣ್ಣು

ವಿಜಯನಗರದಿಂದ ಅತ್ತಿಗುಪ್ಪೆ ಕಡೆಗೆ ಹೋಗುವ ರಸ್ತೆಯಲ್ಲಿ, ಬೇಕರಿಗೂ ಚಪ್ಪಲಿ ಅಂಗಡಿಗೂ ನಡುವೆ ಹೇಗೋ ಜಾಗ ಮಾಡಿಕೊಂಡು ನಿಂತಿದ್ದ ಅಂಜಿನಯ್ಯನವರ ಡಿಟಿಪಿ ಅಂಗಡಿಯಲ್ಲಿ ವರಲಕ್ಷ್ಮಿ ಕೆಲಸಕ್ಕಿದ್ದಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಬಾಡಿಗೆ ಕರಾರು, ಗಣೇಶನ ಹಬ್ಬದ ರಸೀದಿ ಪುಸ್ತಕ, ಎಲ್ಲವೂ ಅವಳ ಬೆರಳ ಕೆಳಗೇ ಹಾದುಹೋಗಬೇಕು. ಆದರೆ ಆ ಸುತ್ತಿನ ಬಡಾವಣೆಗಳಲ್ಲಿ ಅವಳಿಗೆ ಹೆಸರು ಬಂದದ್ದು ಬಿನ್ನವತ್ತಳೆಯಿಂದ.

ಬಿನ್ನವತ್ತಳೆ ಗೊತ್ತಲ್ಲ. ಸನ್ಮಾನದ ದಿನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟ ಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಓದುತ್ತಾರಲ್ಲ, ಓದಿ ಮುಗಿಸಿ ಗಾಜಿನ ಚೌಕಟ್ಟಿನ ಸಮೇತ ಒಪ್ಪಿಸುತ್ತಾರಲ್ಲ, ಅದೇ. ಅದನ್ನು ಬರೆಸಲು ಬರುವವರು ಸನ್ಮಾನಿತರ ಹೆಸರು ಮತ್ತು ಒಂದು ಫೋಟೊ ಬಿಟ್ಟರೆ ಬೇರೇನೂ ತರುತ್ತಿರಲಿಲ್ಲ. ನೀವೇ ಒಂದಷ್ಟು ಒಳ್ಳೆ ಮಾತು ಸೇರಿಸಿಬಿಡಿ ಮೇಡಂ ಎಂದು ಹೇಳಿ ಟೀ ಕುಡಿಯಲು ಹೋಗಿಬಿಡುತ್ತಿದ್ದರು. ಅವರು ಟೀ ಕುಡಿದು ಬರುವಷ್ಟರಲ್ಲಿ ವರಲಕ್ಷ್ಮಿಯ ಬಳಿ ಒಬ್ಬ ಮಹಾಪುರುಷ ತಯಾರಾಗಿರುತ್ತಿದ್ದ. ಮೇಷ್ಟರಾದರೆ ಜ್ಞಾನದಾಸೋಹಿ, ದುಡ್ಡಿದ್ದವರಾದರೆ ಕೊಡುಗೈ ದಾನಿ, ಇವೆರಡೂ ಅಲ್ಲದವರು ಸರಳ ಸಜ್ಜನಿಕೆಯ ಸಾಕಾರಮೂರ್ತಿ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಅವಳು ಹುಟ್ಟಿಸಿದ ಸಾಕಾರಮೂರ್ತಿಗಳು ಇಂದಿಗೂ ಧೂಳು ಕುಡಿಯುತ್ತ ಕೂತಿದ್ದಾರೆ. ಇದರಲ್ಲಿ ಮೋಸವೇನೂ ಇರಲಿಲ್ಲ. ಬರೆಸುವವರಿಗೆ, ಬರೆಯುವವಳಿಗೆ, ಓದುವವರಿಗೆ, ಕೇಳುವವರಿಗೆ, ಎಲ್ಲರಿಗೂ ಅದು ಮಾತಿನ ಹಾರ ಎಂದು ಗೊತ್ತಿತ್ತು. ಹಾರದಲ್ಲಿರುವ ಹೂವೆಲ್ಲ ನಿಜವೇ ಎಂದು ಯಾರೂ ಕೇಳುವುದಿಲ್ಲ.

ಮನೆ ಕುರುಬರಹಳ್ಳಿಯಲ್ಲಿ. ಕೆಳಗಡೆ ಅಪ್ಪ ಮುನಿರಾಮಯ್ಯ, ಅಮ್ಮ ನರಸಮ್ಮ. ಮೇಲೆ ಶೀಟಿನ ಮನೆಯಲ್ಲಿ ವರಲಕ್ಷ್ಮಿ ಮತ್ತು ಕೆಂಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಅವಳ ಗಂಡ. ಊಟ ಮಾತ್ರ ಎಲ್ಲರದ್ದೂ ಕೆಳಗೇ. ಮುನಿರಾಮಯ್ಯ ಬಿನ್ನಿಪೇಟೆಯ ಕಡೆ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದವರು. ಅದು ಹೊಟ್ಟೆಪಾಡು. ಜೀವ ಇದ್ದದ್ದು ಗರಡಿಯಲ್ಲಿ. ವಯಸ್ಸಿನಲ್ಲಿ ಆ ಕಡೆಯ ಗರಡಿಗಳಲ್ಲೆಲ್ಲ ಅವರ ಹೆಸರು ಓಡಾಡುತ್ತಿತ್ತು. ಕಿವಿಗಳು ಮುದುಡಿ ಗಂಟುಗಟ್ಟಿದ್ದವು, ಕತ್ತು ಎಂಬುದು ಇತ್ತೋ ಇಲ್ಲವೋ ಹೇಳುವುದು ಕಷ್ಟ, ನಡೆದರೆ ಮುದುಕರಾದ ಮೇಲೂ ನೆಲ ಅವರಿಗೆ ದಾರಿ ಬಿಡುವಂತಿತ್ತು.

ಗೆದ್ದ ಕುಸ್ತಿಗಳ ಮಾತು ಮುನಿರಾಮಯ್ಯ ಅಷ್ಟಾಗಿ ಆಡುತ್ತಿರಲಿಲ್ಲ. ಅವರಿಗೆ ಪ್ರಿಯವಾಗಿದ್ದದ್ದು ಸೋತ ಕುಸ್ತಿ. ಮುಧೋಳದ ಕಡೆಯ ದುಂಡಪ್ಪ ಎಂಬ ಪೈಲ್ವಾನನ ಕೈಯಲ್ಲಿ ಹುಬ್ಬಳ್ಳಿಯಲ್ಲಿ ಸೋತದ್ದನ್ನು ಹಬ್ಬಕ್ಕೊಮ್ಮೆ, ನೆಂಟರು ಬಂದಾಗೊಮ್ಮೆ, ಒಬ್ಬಟ್ಟು ಹೆಚ್ಚಾದಾಗೊಮ್ಮೆ ಹೇಳಲೇಬೇಕು. ಗೆದ್ದ ದುಂಡಪ್ಪ ಸೋತ ಮುನಿರಾಮಯ್ಯನನ್ನು ಹೆಗಲ ಮೇಲೆ ಹೊತ್ತುಕೊಂಡು ಕಣದ ಸುತ್ತ ತಿರುಗಿದ್ದು ಆ ಕಥೆಯ ಕೊನೆ. ಚಿಕ್ಕಂದಿನಲ್ಲಿ ವರಲಕ್ಷ್ಮಿ ಕಾಯುತ್ತಿದ್ದದ್ದು ಆ ಕೊನೆಗೇ. ಅಪ್ಪ ಅವಳನ್ನೇ ಎತ್ತಿ ಹೆಗಲ ಮೇಲಿಟ್ಟುಕೊಂಡು ಹಜಾರದಲ್ಲಿ ತಿರುಗುತ್ತಿದ್ದರು. ಮುಂಚಿನದೆಲ್ಲ ಅವಳ ಕಿವಿಯ ಮೇಲೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಗುಣಿಸುವ ಮಗ್ಗಿಯ ಹಾಗೆ ಮನೆಯಲ್ಲಿ ಸದಾ ಕೇಳುವ ಮಾತನ್ನು ಯಾರು ಕೂತು ಕೇಳುತ್ತಾರೆ?

ಎರಡು ಸಾವಿರದ ನಾಲ್ಕರ ರಾಜ್ಯೋತ್ಸವಕ್ಕೆ ಬಡಾವಣೆಯ ಯುವಕರ ಸಂಘದವರು ಮುನಿರಾಮಯ್ಯನವರಿಗೆ ಸನ್ಮಾನ ಇಟ್ಟುಕೊಂಡರು. ಬಿನ್ನವತ್ತಳೆಯ ಕೆಲಸ ಅಂಜಿನಯ್ಯನವರ ಅಂಗಡಿಗೇ ಬಂತು. ಬೇರೆಯವರ ಅಪ್ಪಂದಿರಿಗೆಲ್ಲ ಕಿರೀಟ ತೊಡಿಸಿದವಳು ಸ್ವಂತ ಅಪ್ಪನಿಗೆ ಕಡಿಮೆ ಮಾಡುತ್ತಾಳೆಯೇ? ಅವಳ ಬೆರಳು ಎಂದಿಗಿಂತ ಜೋರಾಗಿಯೇ ಓಡಿತು. 'ಎಂದೆಂದೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಸೋಲರಿಯದ ಜಟ್ಟಿ' ಎಂದು ಬರೆದಳು. ಹುಬ್ಬಳ್ಳಿ ನೆನಪಾಗಲಿಲ್ಲ ಎಂದಲ್ಲ. ಪೈಲ್ವಾನರಿಗೆ ಬರೆಯುವ ಸಾಲು ಅದು, ಅಷ್ಟೆ. ಕಾರ್ಯದರ್ಶಿ ಮೈಕಿನಲ್ಲಿ ಅದನ್ನು ಎರಡು ಸಲ ಓದಿದ, ಜನ ಎರಡು ಸಲ ಚಪ್ಪಾಳೆ ತಟ್ಟಿದರು. ಮುನಿರಾಮಯ್ಯ ಕೈಮುಗಿದು ನಿಂತಿದ್ದರು. ರಾಜಾಜಿನಗರದ ಪಾಕ್ಷಿಕ ಪತ್ರಿಕೆಯೊಂದು ಮುಂದಿನ ಸಂಚಿಕೆಯಲ್ಲಿ ಫೋಟೊ ಸಮೇತ ಆ ಸಾಲನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿತು. ಚೌಕಟ್ಟು ಹಜಾರದ ಗೋಡೆಯ ಮೇಲೆ, ಆಂಜನೇಯನ ಪಟದ ಪಕ್ಕ ಹೋಗಿ ಕೂತಿತು. ಆಮೇಲೆ ಮುನಿರಾಮಯ್ಯ ದುಂಡಪ್ಪನ ಕಥೆ ಹೇಳುವುದನ್ನು ಬಿಟ್ಟರು. ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದುಕೊಂಡರು ಮನೆಯವರು.

ಅದರ ಮರುವರ್ಷ ಅಂಗಡಿಗೆ ಬ್ರಾಡ್‌ಬ್ಯಾಂಡ್ ಬಂತು. ಫ್ಲೆಕ್ಸಿನ ವಿನ್ಯಾಸಗಳನ್ನು ಮುದ್ರಿಸುವವರಿಗೆ ಸಿ.ಡಿ.ಯಲ್ಲಿ ಹೊತ್ತು ಕೊಡುವ ಬದಲು ಇಮೇಲ್ ಮಾಡಬಹುದು ಎಂದು ಅಂಜಿನಯ್ಯ ಹಾಕಿಸಿದ್ದು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ವರಲಕ್ಷ್ಮಿಗೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ವಿಶ್ವಕೋಶ ಅಂತರಜಾಲದಲ್ಲಿ ಸಿಕ್ಕಿತು. ಕನ್ನಡದಲ್ಲೇ ಇತ್ತು. ಕುರುಬರಹಳ್ಳಿ ಎಂದು ಹುಡುಕಿದಳು. 'ಕುರುಬರಹಳ್ಳಿ ಬೆಂಗಳೂರಿನ ಒಂದು ಬಡಾವಣೆ' ಎಂಬ ಒಂದೇ ಸಾಲು ಭಿಕ್ಷುಕನ ಹಾಗೆ ನಿಂತಿತ್ತು. ಅವಳಿಗೆ ಕರುಳು ಚುರುಕ್ ಎಂದಿತು. ತಿದ್ದುವುದಕ್ಕೆಂದು ಇದ್ದ 'ಸಂಪಾದಿಸಿ' ಎಂಬಲ್ಲಿ ಒತ್ತಿ, ಹೃದಯವಂತರ ನೆಲೆವೀಡೂ ಸಹಬಾಳ್ವೆಯ ತವರೂ ಆದ ಕುರುಬರಹಳ್ಳಿಯನ್ನು ಒಂದು ಪುಟದಷ್ಟು ಹಾಡಿ ಹೊಗಳಿ ಉಳಿಸಿದಳು.

ಮಾರನೆಯ ದಿನ ನೋಡಿದರೆ ಪುಟ ಮತ್ತೆ ಒಂದು ಸಾಲಿಗೆ ಇಳಿದಿತ್ತು. ಅಳಿಸಿದವರು ಪುಟಗಳ ಮೇಲ್ವಿಚಾರಣೆ ನೋಡುವ ಚೇತನಾ ಎಂಬ ನಿರ್ವಾಹಕಿ. ಆ ವಿಶ್ವಕೋಶದಲ್ಲಿ ಪ್ರತಿ ಪುಟದ ಬೆನ್ನಿಗೂ ಒಂದು ಚರ್ಚೆಯ ಪುಟ ಇರುತ್ತದೆ. ಏನನ್ನು ಯಾಕೆ ತೆಗೆದೆವು, ಯಾಕೆ ಇಟ್ಟೆವು ಎಂದು ಅಲ್ಲಿ ಹೇಳಬೇಕು. ವರಲಕ್ಷ್ಮಿ ಉರಿದುಕೊಂಡೇ ಅಲ್ಲಿ ಹೋಗಿ ಕೇಳಿದಳು. ಚೇತನಾ ಸಾವಧಾನವಾಗಿ ಉತ್ತರ ಬರೆದಿದ್ದಳು. ಕುರುಬರಹಳ್ಳಿಯವರು ಹೃದಯವಂತರು ಎಂದು ಯಾರು, ಎಲ್ಲಿ ಹೇಳಿದ್ದಾರೆ? ಬೇರೆಯವರು ಹೇಳಿದ್ದರೆ ಅವರ ಹೆಸರು ಹಾಕಿ ಬರೆಯಬಹುದು. ನೀವೇ ಹೇಳುತ್ತಿದ್ದರೆ ಅದನ್ನು ವಿಶ್ವಕೋಶ ಹೇಳಬಾರದು. ಹೊಗಳಬಾರದು, ತೆಗಳಬಾರದು, ಆಧಾರ ಇಲ್ಲದೆ ಬಾಯಿ ತೆರೆಯಬಾರದು. ಕೆಳಗೆ, ತಪ್ಪು ತಿಳಿಯಬೇಡಿ, ಮತ್ತೆ ಬರೆಯಿರಿ ಎಂದೂ ಸೇರಿಸಿದ್ದಳು.

ವರಲಕ್ಷ್ಮಿಗೆ ಅವಮಾನವಾಯಿತು. ಆದರೂ ಮತ್ತೆ ಬರೆದಳು, ಮತ್ತೆ ಕತ್ತರಿ ಬಿತ್ತು. ಮೂರನೆಯ ಸಲ ಬರೆಯುವಾಗ ಅವಳೇ ಒಂದೊಂದು ಪದದ ಮುಂದೆ ನಿಂತು, ಇದನ್ನು ಯಾರು ಹೇಳಿದರು ಎಂದು ಕೇಳಿಕೊಂಡಳು. ಕೇಳುತ್ತ ಹೋದರೆ ಉಳಿಯುತ್ತಿದ್ದದ್ದು ಸ್ವಲ್ಪವೇ. ಆದರೆ ಉಳಿದದ್ದನ್ನು ಯಾರೂ ಅಲ್ಲಾಡಿಸುತ್ತಿರಲಿಲ್ಲ. ಆ ಸುಖ ಅವಳಿಗೆ ಹೊಸದು. ಎರಡು ವರ್ಷದಲ್ಲಿ ಅವಳು ಆ ವಿಶ್ವಕೋಶದ ಪಳಗಿದ ಕೈಯಾದಳು. ಹೊಸಬರು ಬಂದು ತಮ್ಮ ಊರನ್ನೂ ತಮ್ಮ ಸಂಘದ ಅಧ್ಯಕ್ಷರನ್ನೂ ಹೊಗಳಿ ಹೋದರೆ, ಚೇತನಾಳಂತೆಯೇ ಸಾವಧಾನವಾಗಿ ತಿದ್ದಿ, ತಪ್ಪು ತಿಳಿಯಬೇಡಿ ಎಂದು ಬರೆಯುತ್ತಿದ್ದಳು.

ಇದರ ಪೆಟ್ಟು ಬಿದ್ದದ್ದು ಅಂಜಿನಯ್ಯನವರಿಗೆ. ಬಸವೇಶ್ವರನಗರದ ಒಬ್ಬ ಭಾವಿ ಕಾರ್ಪೊರೇಟರಿಗೆ ವರಲಕ್ಷ್ಮಿ ಬರೆದ ಬಿನ್ನವತ್ತಳೆ ಹೀಗಿತ್ತು: 'ತಾವು ಈ ಬಡಾವಣೆಯ ನಿವಾಸಿಗಳು. ತಾವು ಗಣೇಶೋತ್ಸವವನ್ನು ನಡೆಸಿರುತ್ತೀರಿ. ತಮಗೆ ಇಬ್ಬರು ಮಕ್ಕಳು.' ಅಂಜಿನಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು.

"ಇದೇನಮ್ಮ, ಸನ್ಮಾನ ಪತ್ರಾನೋ ರೇಷನ್ ಕಾರ್ಡೋ?" ಎಂದರು. "ಆ ಯಪ್ಪ ಓಡಿಸ್ಕೊಂಡ್ ಬರ್ತಾನೆ ನನ್ನ."

ಅವತ್ತಿನಿಂದ ವರಲಕ್ಷ್ಮಿ ಎರಡು ತಲೆ ಇಟ್ಟುಕೊಂಡಳು. ಅಂಗಡಿಯ ತಲೆ ಹಾರ ಕಟ್ಟುತ್ತಿತ್ತು, ವಿಶ್ವಕೋಶದ ತಲೆ ಹಾರ ಬಿಚ್ಚುತ್ತಿತ್ತು. ಕಂಪ್ಯೂಟರ್ ಒಂದೇ, ಕುರ್ಚಿ ಒಂದೇ. ಎರಡೂ ಒಂದನ್ನೊಂದು ಮಾತಾಡಿಸದೆ ಚೆನ್ನಾಗಿಯೇ ಸಂಸಾರ ಮಾಡಿಕೊಂಡಿದ್ದವು.

ಎರಡು ಸಾವಿರದ ಎಂಟರಲ್ಲಿ ಯಾರೋ ಉತ್ಸಾಹಿ 'ಬೆಂಗಳೂರಿನ ಗರಡಿಗಳು' ಎಂದು ಒಂದು ಪುಟ ಬರೆದ. ಅದರಲ್ಲಿ ಹೆಸರಾದ ಪೈಲ್ವಾನರ ಭಾಗದಲ್ಲಿ ಮುನಿರಾಮಯ್ಯನವರ ಹೆಸರು ಕಂಡು ವರಲಕ್ಷ್ಮಿಯ ಎದೆ ಹೂವಾಯಿತು. ಪಕ್ಕದಲ್ಲೇ 'ತಮ್ಮ ಬಾಳಿನಲ್ಲಿ ಒಂದು ಕುಸ್ತಿಯನ್ನೂ ಸೋಲದವರು' ಎಂದಿತ್ತು. ಆಧಾರಕ್ಕೆ ರಾಜಾಜಿನಗರದ ಆ ಪಾಕ್ಷಿಕದ ಸಂಚಿಕೆಯನ್ನು ಕೊಟ್ಟಿದ್ದ. ಅಂದರೆ ಅವಳು ಕಟ್ಟಿದ ಹಾರವೇ ಊರೆಲ್ಲ ಸುತ್ತಿ ಆಧಾರದ ವೇಷ ಹಾಕಿಕೊಂಡು ಅವಳ ಮುಂದೆ ಬಂದು ನಿಂತಿತ್ತು.

ಸಂಬಂಧಿಕರ ವಿಷಯವಿರುವ ಸಾಲನ್ನು ತಾನೇ ಮುಟ್ಟಬಾರದು ಎಂಬುದು ಆ ವಿಶ್ವಕೋಶದ ಮರ್ಯಾದೆ. ಹೇಳುವುದಿದ್ದರೆ ಸಂಬಂಧ ಇಂಥದ್ದು ಎಂದು ಚರ್ಚೆಯ ಪುಟದಲ್ಲಿ ಒಪ್ಪಿಕೊಂಡು, ಬೇರೆಯವರ ಕೈಯಲ್ಲಿ ತಿದ್ದಿಸಬೇಕು. ವರಲಕ್ಷ್ಮಿ ಈ ಮರ್ಯಾದೆಯ ಮೊದಲರ್ಧವನ್ನು ಮಾತ್ರ ಪಾಲಿಸಿದಳು. ಮುಟ್ಟಲಿಲ್ಲ. ಹೇಳಲೂ ಇಲ್ಲ. ತಟಸ್ಥಳಾಗಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಅಷ್ಟು ಘನವಾದ ಹೆಸರು ಸಿಕ್ಕರೆ ಯಾರಿಗೆ ಬೇಡ?

ಕೆಲವು ವಾರ ಕಳೆಯುವಷ್ಟರಲ್ಲಿ ಆ ಪುಟಕ್ಕೆ ಬೆಂಕಿ ಬಿತ್ತು. ರುದ್ರೇಶ ಎಂಬ ಹೊಸ ಸದಸ್ಯನೊಬ್ಬ ಆ ಸಾಲನ್ನು ಹೊಡೆದುಹಾಕಿ, ಮುನಿರಾಮಯ್ಯ ಎಂಬುವನು ಹುಬ್ಬಳ್ಳಿಯಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಮಣ್ಣು ಮುಕ್ಕಿದ ಎಂದು ಬರೆದ. ಆಧಾರವಿಲ್ಲ, ಭಾಷೆ ಸರಿಯಿಲ್ಲ ಎಂದು ಒಬ್ಬರು ಅಳಿಸಿದರು. ಅವನು ಮತ್ತೆ ಹಾಕಿದ. ಇನ್ನೊಬ್ಬರು ಅಳಿಸಿದರು. ಮತ್ತೆ ಹಾಕಿದ. ಚರ್ಚೆಯ ಪುಟದಲ್ಲಿ ತನ್ನ ಊರಿನ ಮಾತಿನಲ್ಲೇ ಜಗಳಕ್ಕೆ ನಿಂತಿದ್ದ.

"ಇದು ಖರೆ ಅಲ್ರಿ. ಈ ಮುನಿರಾಮಯ್ಯನ್ನ ಚಿತ್ ಮಾಡಿದಾಂವ ನಮ್ಮ ಮುತ್ಯಾ ದುಂಡಪ್ಪ. ಗೊತ್ತಿಲ್ದ ಮಂದಿ ಸುಳ್ಳ ಬರ್ಕೋತ ಕುಂತೀರಿ, ಗೊತ್ತಿದ್ದಾಂವ ಹೇಳಿದ್ರ ಅಳಸ್ತೀರಿ."

ವರಲಕ್ಷ್ಮಿ ಅದನ್ನು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ದುಂಡಪ್ಪನಿಗೆ ಒಬ್ಬ ಮೊಮ್ಮಗನಿರಬಹುದು, ಅವನು ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಸಂಜೆ ಸೈಬರ್ ಸೆಂಟರಿಗೆ ಬಂದು ಅಜ್ಜನ ಪರವಾಗಿ ಹೊಡೆದಾಡಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ತನ್ನ ಪರಿಚಯದ ಪುಟದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದ.

ಹೀಗೆ ಪದೇ ಪದೇ ಅಳಿಸಿ ಬರೆಯುವವರನ್ನು ಆ ವಿಶ್ವಕೋಶ ಸ್ವಲ್ಪ ಕಾಲ ಹೊರಗೆ ಹಾಕುತ್ತದೆ. ಇನ್ನೊಂದು ಸಲ ಮಾಡಿದರೆ ತಡೆ ಹಾಕಬೇಕಾಗುತ್ತದೆ ಎಂದು ಚೇತನಾ ರುದ್ರೇಶನನ್ನು ಎಚ್ಚರಿಸಿದಳು. ಅದೇ ದಿನ ವರಲಕ್ಷ್ಮಿಗೂ ಅವಳಿಂದ ಒಂದು ಸಂದೇಶ ಬಂತು. ನೀವು ಕುರುಬರಹಳ್ಳಿ ಕಡೆಯವರು, ಹೊಸಬರೊಂದಿಗೆ ಸಮಾಧಾನವಾಗಿ ಮಾತಾಡುವವರು, ಯಾರ ಪರವೂ ಅಲ್ಲದವರು. ಈ ಜಗಳವನ್ನು ದಯವಿಟ್ಟು ಬಗೆಹರಿಸಿ ಎಂದಿತ್ತು.

ಯಾರ ಪರವೂ ಅಲ್ಲದವಳಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ. ನಿಜ ಹೇಳುತ್ತಿರುವ ಹುಡುಗ ಬೈಸಿಕೊಂಡು ಹೊರಗೆ ಹೋಗುವುದರಲ್ಲಿದ್ದ. ಸುಳ್ಳು ಸಾಲು ಅಡಿಟಿಪ್ಪಣಿ ಕಟ್ಟಿಕೊಂಡು ಸಭ್ಯವಾಗಿ ಕೂತಿತ್ತು. ಆ ಹುಡುಗನನ್ನು ಬಿಟ್ಟರೆ, ಅದು ಸುಳ್ಳು ಎಂದು ಆ ಗುಂಪಿನಲ್ಲಿ ಆಣೆ ಮಾಡಿ ಹೇಳಬಲ್ಲವಳು ಅವಳೊಬ್ಬಳೇ. ಹೇಳಿದರೆ, ಗೋಡೆಯ ಮೇಲೆ ನಾಲ್ಕು ವರ್ಷದಿಂದ ಆಂಜನೇಯನ ಪಕ್ಕ ಕೂತಿರುವ ಅಪ್ಪನ ಹೆಸರನ್ನು ಮಗಳೇ ಕೈಯಾರೆ ಕೆಳಗಿಳಿಸಿದ ಹಾಗೆ. ಮಿಲ್ಲು ಹೋಯಿತು, ಗರಡಿಯ ಜಾಗದಲ್ಲಿ ಮಳಿಗೆ ಎದ್ದಿತು, ಮಂಡಿಯಲ್ಲಿ ಬಲ ಇಳಿಯಿತು. ಆ ಮನುಷ್ಯನಿಗೆ ಉಳಿದಿರುವುದು ಆ ಒಂದು ಚೌಕಟ್ಟು ಎಂದು ಅವಳು ನಂಬಿದ್ದಳು.

ಅಪ್ಪನನ್ನೇ ಒಮ್ಮೆ ಕೇಳಿನೋಡೋಣ ಎನಿಸಿತು. ಸಂಜೆ ಮುದ್ದೆ ಮುರಿಯುತ್ತ, ಏನೋ ನೆನಪಾದವಳಂತೆ ಮಾತು ತೆಗೆದಳು.

"ಅಪ್ಪ, ಹುಬ್ಬಳ್ಳೀಲಿ ದುಂಡಪ್ಪ ಅನ್ನೋರ ಜೊತೆ ಕುಸ್ತಿ ಆಗಿತ್ತಲ್ಲ, ಅದ್ಯಾವ ವರ್ಷ?"

ಮುನಿರಾಮಯ್ಯ ಒಮ್ಮೆ ಗೋಡೆಯ ಕಡೆ ನೋಡಿದರು.

"ಯಾವ್ ದುಂಡಪ್ಪ? ನೆನಪಿಲ್ಲ ಕಣಮ್ಮ" ಎಂದರು. ನರಸಮ್ಮ ಗಂಡನ ಮುಖ ನೋಡಿ, ಇನ್ನಷ್ಟು ಸಾರು ಬಡಿಸಿದರು.

ಮುನಿರಾಮಯ್ಯನವರಿಗೆ ನಿನ್ನೆಯ ತಿಂಡಿ ಮರೆಯಬಹುದು, ದುಂಡಪ್ಪ ಮರೆಯುವುದು ಸಾಧ್ಯವಿಲ್ಲ. ಹಾಗಾದರೆ ಅಪ್ಪನಿಗೂ ಸೋಲರಿಯದವನಾಗಿಯೇ ಉಳಿಯಬೇಕೆಂಬ ಆಸೆ. ಇಷ್ಟು ಗೊತ್ತಾದ ಮೇಲೆ ಸುಮ್ಮನಿರುವುದೇ ಮಗಳ ಧರ್ಮ ಎಂದುಕೊಂಡು ವರಲಕ್ಷ್ಮಿ ಮೇಲೆ ಹೋಗಿ ಮಲಗಿದಳು. ಬೆಳಿಗ್ಗೆ ಅದೇ ಧರ್ಮವನ್ನು ಜೊತೆಗಿಟ್ಟುಕೊಂಡು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಪುಟ ತೆರೆದರೆ ರುದ್ರೇಶ ಒಂದು ಹೊಸ ಮಾತು ಬರೆದಿದ್ದ. ಈ ಸಲ ಬೈಗುಳ ಇರಲಿಲ್ಲ. ಮಣ್ಣು ಮುಕ್ಕಿದ ಎಂದು ಬರೆದದ್ದು ತನ್ನ ತಪ್ಪು, ಸಿಟ್ಟಿನಲ್ಲಿ ಬರೆದೆ, ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಎಂದು ಒಪ್ಪಿಕೊಂಡಿದ್ದ. ಆದರೆ ಕುಸ್ತಿ ಆದದ್ದಂತೂ ನಿಜ, ಊರಿಗೆ ಹೋದಾಗ ಆಧಾರ ಹುಡುಕಿ ತರುತ್ತೇನೆ, ಅಲ್ಲಿಯವರೆಗೆ ನನ್ನನ್ನು ಸುಳ್ಳ ಎನ್ನಬೇಡಿ ಎಂದು ಕೇಳಿಕೊಂಡಿದ್ದ. ಅದರ ಕೆಳಗೆ ಯಾರೋ ಒಬ್ಬ ಹಳೆಯ ಸದಸ್ಯ, ಆಧಾರ ಈಗಾಗಲೇ ನಮ್ಮ ಬಳಿ ಇದೆ, ಪತ್ರಿಕೆಯಲ್ಲಿ ಅಚ್ಚಾಗಿದೆ, ನಿಮ್ಮ ಮನೆಯ ಕಥೆ ನಮಗೆ ಬೇಡ ಎಂದು ಬರೆದಿದ್ದ.

ಅಚ್ಚಾಗಿದೆ ಎಂಬ ಪದವನ್ನು ವರಲಕ್ಷ್ಮಿ ಬಹಳ ಹೊತ್ತು ನೋಡಿದಳು. ಒಬ್ಬ ಹುಡುಗ ತನ್ನ ಅಜ್ಜನ ವಿಷಯದಲ್ಲಿ ಸುಳ್ಳನೆನಿಸಿಕೊಳ್ಳುತ್ತಿದ್ದ, ಅವಳು ತನ್ನ ಅಪ್ಪನ ವಿಷಯದಲ್ಲಿ ಬರೆದ ಒಂದು ಸಾಲಿನಿಂದ. ನಾಚಿಕೆಯಾಯಿತು. ಅಂಜಿನಯ್ಯ ಗೃಹಪ್ರವೇಶದ ಕಾರ್ಡಿಗೆ ಅವಸರ ಮಾಡುತ್ತಿದ್ದರು. ಅವರಿಗೆ ಸ್ವಲ್ಪ ತಾಳಿ ಎಂದು ಹೇಳಿ ಅವಳು ಚರ್ಚೆಯ ಪುಟದಲ್ಲಿ ಬರೆದಳು: 'ಈ ಜಗಳವನ್ನು ನಾನು ಬಗೆಹರಿಸಲಾರೆ, ಏಕೆಂದರೆ ಮುನಿರಾಮಯ್ಯನವರು ನನ್ನ ತಂದೆ. ಇದನ್ನು ಮೊದಲೇ ಹೇಳಬೇಕಿತ್ತು. ಪತ್ರಿಕೆಯಲ್ಲಿ ಬಂದಿರುವ ಮಾತು ಅವರ ಸನ್ಮಾನಕ್ಕೆ ನಾನೇ ಬರೆದ ಬಿನ್ನವತ್ತಳೆಯದು. ಅದು ಹೊಗಳಿಕೆ, ಆಧಾರವಲ್ಲ. ಅದನ್ನು ತೆಗೆಯಬೇಕೆಂದು ಕೋರುತ್ತೇನೆ. ಹುಬ್ಬಳ್ಳಿಯ ಕುಸ್ತಿಯ ಬಗ್ಗೆ ರುದ್ರೇಶ ಅವರು ಹೇಳುತ್ತಿರುವುದನ್ನು ನನ್ನ ತಂದೆಯ ಬಾಯಿಂದ ನಾನೂ ಕೇಳಿದ್ದೇನೆ. ನನ್ನ ಕೇಳಿಕೆಯೂ ಆಧಾರವಲ್ಲ ಎಂದು ಬಲ್ಲೆ.'

ಉಳಿಸಿ ಎಂಬುದನ್ನು ಒತ್ತಿ, ಗೃಹಪ್ರವೇಶದ ಕಾರ್ಡನ್ನು ಕೈಗೆತ್ತಿಕೊಂಡಳು. ಅದರಲ್ಲಿ ಮುಹೂರ್ತವನ್ನೇ ಬಿಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು.

ಚೇತನಾ ಆ ಸಾಲನ್ನು ತೆಗೆದಳು. ತಿಂಗಳಾದ ಮೇಲೆ ರುದ್ರೇಶ ಊರಿನ ಗರಡಿಯವರು ಯಾವಾಗಲೋ ಹೊರತಂದಿದ್ದ ಸ್ಮರಣ ಸಂಚಿಕೆಯ ಪುಟವೊಂದನ್ನು ತಂದ. ಅದರಲ್ಲಿ ಹುಬ್ಬಳ್ಳಿಯ ಕುಸ್ತಿಯ ಉಲ್ಲೇಖ ಇತ್ತು. ಸಂಬಂಧಿಕರು ಮುಟ್ಟಬಾರದೆಂಬ ಮರ್ಯಾದೆಯನ್ನು ಅವತ್ತೊಂದು ದಿನ ಬದಿಗಿಟ್ಟು, ಇಷ್ಟು ದಿನ ಬೈಸಿಕೊಂಡ ಹುಡುಗನ ಕೈಯಲ್ಲೇ ಚೇತನಾ ಸಾಲು ಬರೆಸಿದಳು. 'ಹುಬ್ಬಳ್ಳಿಯಲ್ಲಿ ನಡೆದ ಕುಸ್ತಿಯಲ್ಲಿ ಮುನಿರಾಮಯ್ಯ ಅವರು ಮುಧೋಳದ ಕಡೆಯ ದುಂಡಪ್ಪ ಅವರ ಎದುರು ಸೋತರು.' ಅಷ್ಟೇ. ಹಾರವೂ ಇಲ್ಲ, ಮಣ್ಣೂ ಇಲ್ಲ. ಚರ್ಚೆಯ ಪುಟದ ಕೊನೆಯಲ್ಲಿ ರುದ್ರೇಶ ವರಲಕ್ಷ್ಮಿಗೆಂದು ಒಂದು ಮಾತು ಸೇರಿಸಿದ್ದ.

"ಅಕ್ಕಾರ, ನಿಮ್ಮ ಅಪ್ಪಾರು ಆರಾಮ ಅದಾರೇನ್ರಿ? ನಮ್ಮ ಮುತ್ಯಾ ಸಾಯೋತನಾ ಬೆಂಗಳೂರ ಮುನಿರಾಮಯ್ಯ ಅಂತ ಹೆಸರ ಹೇಳ್ತಿದ್ದ."

ಚರ್ಚೆಯ ಪುಟದಲ್ಲಿ ಸ್ವಂತ ಕ್ಷೇಮಸಮಾಚಾರ ಬರೆಯುವ ಹಾಗಿಲ್ಲ. ಚೇತನಾ ಅದನ್ನು ನೋಡಿಯೂ ಅಳಿಸಲಿಲ್ಲ.

ವರಲಕ್ಷ್ಮಿ ಮನೆಯಲ್ಲಿ ಈ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದವರು ಅಂಜಿನಯ್ಯ. ರಾಜಾಜಿನಗರದ ಮದುವೆಯೊಂದರಲ್ಲಿ ಪಕ್ಕದಲ್ಲೇ ಊಟಕ್ಕೆ ಕೂತ ಮುನಿರಾಮಯ್ಯನವರಿಗೆ, ನಿಮ್ಮ ಹೆಸರು ಕಂಪ್ಯೂಟರಿನಲ್ಲಿ ಬಂದಿದೆ, ಅಮೆರಿಕದಲ್ಲೂ ಕಾಣುತ್ತದೆ ಎಂದು ಬಡಾಯಿ ಕೊಚ್ಚಿದರು. ಮುನಿರಾಮಯ್ಯ ಮನೆಗೆ ಬಂದವರೇ, ಅದೇನು ಬಂದಿದೆಯೋ ತಂದು ಓದು ಎಂದು ಮಗಳಿಗೆ ಹೇಳಿದರು. ನಾಳೆ ತರುತ್ತೇನೆ ಎಂದು ಅವಳು ಒಂದು ವಾರ ತಳ್ಳಿದಳು. ಆಮೇಲೆ ತಳ್ಳಲು ಜಾಗ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಪ್ರಿಂಟ್ ತೆಗೆದ ಹಾಳೆ ಹಿಡಿದು ಅಪ್ಪನ ಎದುರು ಚಾಪೆಯ ಮೇಲೆ ಕೂತಳು. ನರಸಮ್ಮ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಗರಡಿಗಳ ಹುಟ್ಟು, ಮಿಲ್ಲಿನವರ ತಂಡ, ಯಾವ ಗರಡಿ ಎಲ್ಲಿತ್ತು, ಎಲ್ಲವನ್ನೂ ವರಲಕ್ಷ್ಮಿ ಓದಿದಳು. ಮುನಿರಾಮಯ್ಯ ತಲೆಯಾಡಿಸುತ್ತ ಕೇಳಿದರು. ಅವರ ಹೆಸರಿನ ಸಾಲು ಬಂತು. ಹಾರಿಸಿಬಿಡಬಹುದಿತ್ತು. ಅಪ್ಪನಿಗೆ ಓದು ಬರುವುದು ಅಷ್ಟಕ್ಕಷ್ಟೇ. ಆದರೂ ಓದಿದಳು, ಬರೆದದ್ದು ಬರೆದ ಹಾಗೆ, ಸೋತರು ಎಂಬಲ್ಲಿಯವರೆಗೆ.

ಮುನಿರಾಮಯ್ಯ ಹಾಳೆಯ ಕಡೆ ಬಗ್ಗಿದರು.

"ಹೊತ್ತು ಮುಳುಗೋವರ್ಗೂ ಹಿಡಿದಿದ್ದೆ ಅಂತ ಹಾಕಿಲ್ವಾ?" ಎಂದರು.

ವರಲಕ್ಷ್ಮಿ ಅದಕ್ಕೆ ಆಧಾರ ಸಿಗಲಿಲ್ಲ ಎಂದು ಮೆಲ್ಲಗೆ ಹೇಳಿದಳು.

"ಆಧಾರ ನಾನಿಲ್ಲೇ ಕೂತಿದೀನಲ್ಲೇ."

ಅಡುಗೆಮನೆಯ ಬಾಗಿಲಿನಿಂದ ನರಸಮ್ಮ, ಶುರುವಾಯ್ತಪ್ಪ ಎಂದು ನಕ್ಕರು. ನಿಜಕ್ಕೂ ಶುರುವಾಯಿತು. ನಾಲ್ಕು ವರ್ಷದಿಂದ ಎಲ್ಲಿ ಅಡಗಿತ್ತೋ, ಮಿಲ್ಲಿನವರೆಲ್ಲ ಸೇರಿ ರೈಲು ಹತ್ತಿದ್ದರಿಂದ ಹಿಡಿದು ಒಂದೂ ಬಿಡದೆ ಬಂತು. ವರಲಕ್ಷ್ಮಿ ಈ ಸಲ ಹೆಗಲ ಮೇಲೆ ಹೊತ್ತ ಭಾಗಕ್ಕೆ ಕಾಯಲಿಲ್ಲ. ಎರಡು ವರ್ಷಕ್ಕೂ ಮೇಲ್ಪಟ್ಟು ಬೇರೆಯವರ ಮಾತನ್ನು ಒಂದೊಂದೇ ಪದವಾಗಿ ನಿಲ್ಲಿಸಿ ಕೇಳಿದ ಕಿವಿ ಅದು. ಯಾರು ಹೇಳಿದರು, ಆಗ ಯಾರಿದ್ದರು ಎಂದು ನಡುನಡುವೆ ಕೇಳಿದಳು. ದುಂಡಪ್ಪ ತನಗಿಂತ ಭಾರದ ಆಳು, ಅವನ ಪಟ್ಟಿಗೆ ತಾನು ಸಿಗಲಿಲ್ಲ, ತನ್ನ ಪಟ್ಟಿಗೆ ಅವನು ಬಗ್ಗಲಿಲ್ಲ, ಬೆಳಕು ಕಡಿಮೆಯಾಗುತ್ತ ಬಂತು, ಪಂಚರು ಒಳಗೆ ಇಳಿದು ಬಂದು ಇಬ್ಬರನ್ನೂ ಬಿಡಿಸಿ ಸಮ ಎಂದು ಕೈ ಎತ್ತಿಸಲು ಹೊರಟರು. ಆಗ ಮುನಿರಾಮಯ್ಯ ಕೈ ಕೊಡಲಿಲ್ಲ. ಸಮ ಬೇಡ, ಆಗಲಿ ಎಂದರು. ದುಂಡಪ್ಪನೂ ನಕ್ಕು ತೊಡೆ ತಟ್ಟಿದ. ಆಮೇಲೆ ಮುನಿರಾಮಯ್ಯನವರ ಬೆನ್ನಿಗೆ ಮಣ್ಣು ಹತ್ತಲು ಬಹಳ ಹೊತ್ತು ಆಗಲಿಲ್ಲ.

ಈ ಮಾತು ವರಲಕ್ಷ್ಮಿ ಹುಟ್ಟಿದಾಗಿನಿಂದ ಆ ಹಜಾರದಲ್ಲೇ ಇತ್ತು. ಅವಳು ಕೇಳಿದ್ದು ಅವತ್ತು.

"ಸಮ ಅಂತ ಒಪ್ಕೊಂಡಿದ್ರೆ ನೀನು ಬರೆದಿದ್ದು ನಿಜ ಆಗೋದು" ಎಂದರು ಮುನಿರಾಮಯ್ಯ, ಗೋಡೆಯ ಕಡೆ ಗದ್ದ ಎತ್ತಿ. "ನಾನೇ ಬೇಡ ಅಂದೆ."

ಹೇಳುವಾಗ ಅವರ ಮುಖದಲ್ಲಿ ಇದ್ದ ಹೆಮ್ಮೆಯನ್ನು ವರಲಕ್ಷ್ಮಿ ಸನ್ಮಾನದ ದಿನ ನೋಡಿರಲಿಲ್ಲ. ಶಾಲು ಹೊದ್ದು ಕೈಮುಗಿದು ನಿಂತಿದ್ದ ಮುಖ ಈಗ ನೆನಪಾಯಿತು. ಅದು ಸಂತೋಷದ ಮುಖವಾಗಿರಲಿಲ್ಲ.

"ಮತ್ತೆ ಅವತ್ತು ಕೇಳಿದ್ರೆ ನೆನಪಿಲ್ಲ ಅಂದ್ಯಲ್ಲಪ್ಪ. ಯಾಕೆ ಹೇಳೋದು ಬಿಟ್ಟುಬಿಟ್ಟಿದ್ದೆ?"

ಮುನಿರಾಮಯ್ಯನವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನೀನು ಬರ್ದಿದ್ಯಲ್ಲ ಕಣಮ್ಮ. ಮೈಕಲ್ಲಿ ಓದಿದ್ರು, ಊರೆಲ್ಲ ಚಪ್ಪಾಳೆ ಹೊಡೀತು. ನಾನು ಬಾಯಿ ಬಿಟ್ರೆ ಮಗಳು ಸುಳ್ಳು ಬರೆದ್ಲು ಅಂತ ಆಗ್ತಿತ್ತು."

ವರಲಕ್ಷ್ಮಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು. ಅಳು ಬಂತು, ಅಪ್ಪನಿಗೆ ಕಾಣದ ಹಾಗೆ ಸೆರಗಿನಲ್ಲಿ ಒತ್ತಿಕೊಂಡಳು. ಮುನಿರಾಮಯ್ಯನವರಿಗೆ ಅದನ್ನೆಲ್ಲ ನೋಡುವ ವ್ಯವಧಾನ ಇರಲಿಲ್ಲ. ಕಥೆ ಇನ್ನೂ ಮುಗಿದಿರಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ನಿಂತು, ಅವಳನ್ನೂ ಏಳು ಎಂದರು. ದುಂಡಪ್ಪ ಎಲ್ಲಿ ಹಿಡಿದ ಎಂದು ತೋರಿಸುವುದಕ್ಕೆ ಅವಳ ಮುಂಗೈ ಬೇಕಾಗಿತ್ತು.